ಬೈಕಂಪಾಡಿಯ ಇಂಜೆಕ್ಟರ್ ಅಂಗಡಿ: ಮನೆಯಲ್ಲಿ ವಿಮಾನ ಕಟ್ಟುವವರು ಕೇಳಬೇಕಾದ ಒಂದು ಟೆಸ್ಟ್

ಮಂಗಳೂರಿನ ಬೈಕಂಪಾಡಿ ಇಂಡಸ್ಟ್ರಿಯಲ್ ಏರಿಯಾದ ಒಳರಸ್ತೆಯೊಂದರಲ್ಲಿ ಒಂದು ಇಂಜೆಕ್ಟರ್ ಅಂಗಡಿ ಇದೆ. ಇಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ತೊಳೆದು ಟೆಸ್ಟ್ ಮಾಡಿಕೊಡುವ ಜಾಗ. ಅವರ ಹೊಟ್ಟೆಪಾಡು ಡೀಸೆಲ್. ಮೀನುಗಾರಿಕೆ ಬೋಟಿನ ಪಂಪ್, ಲಾರಿಯ ನಾಝಲ್, ಜೆಸಿಬಿಯ ಇಂಜೆಕ್ಟರ್, ದಿನವಿಡೀ ಇಂಥದ್ದೇ ಕೆಲಸ. ಆದರೆ ಒಳಗೆ ಎಡಗಡೆ ಮೂಲೆಯಲ್ಲಿ ಪೆಟ್ರೋಲ್ ಇಂಜೆಕ್ಟರ್‌ಗೆಂದೇ ಒಂದು ಬೆಂಚ್ ಇದೆ. ನಾನು ಬರೆಯುತ್ತಿರುವುದು ಆ ಬೆಂಚಿನ ಬಗ್ಗೆ, ಅದರ ಮುಂದೆ ನಿಂತು ಕೆಲಸ ಮಾಡುವ ಮಾಲೀಕರ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ. ನೀವು ಮನೆಯಲ್ಲಿ ವಿಮಾನ ಕಟ್ಟುತ್ತಿದ್ದರೆ, ಅದಕ್ಕೆ ಕಾರಿನ ಎಂಪಿಎಫ್‌ಐ ಇಂಜಿನ್ (ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಇರುವ ಪೆಟ್ರೋಲ್ ಇಂಜಿನ್) ಕೂರಿಸುತ್ತಿದ್ದರೆ, ಇಂಜೆಕ್ಟರ್‌ಗಳನ್ನು ಇಲ್ಲಿಗೆ ತನ್ನಿ. ಇಂಜೆಕ್ಟರ್ ಎಷ್ಟು ಚೆನ್ನಾಗಿ ಚಿಮ್ಮುತ್ತದೆ ಎಂದು ಎಲ್ಲ ಕಡೆ ತೋರಿಸುತ್ತಾರೆ. ಮುಚ್ಚಿದಾಗ ಎಷ್ಟು ಚೆನ್ನಾಗಿ ಮುಚ್ಚುತ್ತದೆ ಎಂದು ತಾಳ್ಮೆಯಿಂದ ನೋಡುವವರು ನನಗೆ ಸಿಕ್ಕಿದ್ದು ಇಲ್ಲಿ.

ಅಂಗಡಿಯ ಹೆಸರು ಹಾಕುತ್ತಿಲ್ಲ. ಮಾಲೀಕರೇ ಬೇಡ ಎಂದರು. "ವಿಮಾನದ ಪಾರ್ಟ್ಸ್‌ಗೆ ಸರ್ಟಿಫಿಕೇಟ್ ಕೊಡುವವನು ನಾನಲ್ಲ. ನಾಳೆ ಯಾರಾದರೂ ಹಾಗೆ ತಿಳಿದುಕೊಂಡು ಬರುವುದು ಬೇಡ" ಎಂದರು. ಅದು ನ್ಯಾಯವಾದ ಮಾತೇ. ಬೈಕಂಪಾಡಿಗೆ ಹೋಗಿ ಬೋಟಿನ ಪಂಪ್ ಬಿಚ್ಚುವ ಅಂಗಡಿ ಯಾವುದು ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ.

ನನ್ನ ಇಂಜಿನ್ ಮಾರುತಿ ಎಸ್ಟೀಮ್‌ನದ್ದು. ಸುಝುಕಿಯ ಜಿ13ಬಿಬಿ. 1298 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್, 85 ಕುದುರೆಶಕ್ತಿ. ಎಸ್ಟೀಮ್ 2007ರಲ್ಲಿ ನಿಂತುಹೋಯಿತು. ಆದರೆ ಇದೇ ಇಂಜಿನ್ ಜಿಪ್ಸಿಯಲ್ಲೂ ಇತ್ತಲ್ಲ, ಹಾಗಾಗಿ ಸ್ಪೇರ್ ಇನ್ನೂ ಸಿಗುತ್ತದೆ. ಸುಝುಕಿಯ ಜಿ ಸರಣಿಯ ಇಂಜಿನ್‌ಗಳನ್ನು ಹಗುರ ವಿಮಾನಕ್ಕೆ ಹಾಕುವುದು ಹೊರದೇಶಗಳಲ್ಲಿ ಹಳೆಯ ರೂಢಿ. ಬ್ಲಾಕ್ ಅಲ್ಯೂಮಿನಿಯಂ, ತೂಕ ಕಡಿಮೆ. ಕಿನ್ನಿಗೋಳಿ ಹತ್ತಿರ ನಮ್ಮ ಅಡಿಕೆ ಶೆಡ್ಡಿನಲ್ಲಿ ಅದು ಸದ್ಯಕ್ಕೆ ಟೆಸ್ಟ್ ಸ್ಟ್ಯಾಂಡ್ ಮೇಲೆ ಓಡುತ್ತಿದೆ. ವಿಮಾನದ ಮೈ ಪಕ್ಕದಲ್ಲೇ ಇದೆ. ಎರಡು ಸೀಟು, ರೆಕ್ಕೆ ತಲೆಯ ಮೇಲೆ, ಟ್ಯಾಂಕ್ ರೆಕ್ಕೆಯೊಳಗೆ. ಡಿಜಿಸಿಎ (ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ಅನುಮತಿ ಇಲ್ಲದೆ ಹಾರಿಸುವಂತಿಲ್ಲ, ಆ ಕಾಗದದ ಕೆಲಸ ಬೇರೆಯೇ ನಡೆಯುತ್ತಿದೆ. ಇಂಜಿನ್ ಮಾತ್ರ ನೆಲದ ಮೇಲಿರುವಾಗಲೇ ನೂರಕ್ಕೆ ನೂರು ಸರಿಯಾಗಬೇಕು ಎಂಬುದು ನನ್ನ ಹಠ.

ತೊಂದರೆ ಶುರುವಾದದ್ದು ಮಳೆಗಾಲ ಮುಗಿದ ಮೇಲೆ. ಹಿಂದಿನ ಸಂಜೆ ಓಡಿಸಿ ನಿಲ್ಲಿಸಿದ ಇಂಜಿನ್ ಬೆಳಿಗ್ಗೆ ಸ್ಟಾರ್ಟ್ ಆಗುವಾಗ ಒದ್ದಾಡುತ್ತಿತ್ತು. ಶೆಡ್ಡಿನ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಮೂರನೇ ಸಿಲಿಂಡರಿನದ್ದು ಒದ್ದೆ, ಉಳಿದವು ಒಣ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಸ್ವಲ್ಪ ಏರಿತ್ತು. ಮೂಗಿನ ಹತ್ತಿರ ತಂದರೆ ಅದರಲ್ಲೂ ಪೆಟ್ರೋಲ್. ಇಷ್ಟು ಸಾಕ್ಷಿ ಸಿಕ್ಕಿದ ಮೇಲೆ ಹೆಚ್ಚು ಯೋಚಿಸಬೇಕಿಲ್ಲ. ಯಾವುದೋ ಇಂಜೆಕ್ಟರ್ ನಿಂತಲ್ಲೇ ಹನಿ ಬಿಡುತ್ತಿದೆ.

ಕಾರಿನವರು ಇದನ್ನು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. ಸ್ವಲ್ಪ ಜಾಸ್ತಿ ಹೊತ್ತು ಸೆಲ್ಫ್ ಹೊಡೆಯುತ್ತಾರೆ, ಹೊಗೆ ಬರುತ್ತದೆ, ಗಾಡಿ ಹೊರಡುತ್ತದೆ. ವಿಮಾನದಲ್ಲಿ ಯಾಕೆ ಹಾಗೆ ಬಿಡಬಾರದು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ಅಂಗಡಿಯ ಕೆಲಸಕ್ಕೆ ಬೆಲೆ ಬರುವುದು ಅಲ್ಲೇ.

ಕಾರಿನಲ್ಲಿ ಕೀ ಆನ್ ಮಾಡಿದರೆ ಪೆಟ್ರೋಲ್ ಪಂಪ್ ಸುಮಾರು ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಇಂಜಿನ್ ತಿರುಗುತ್ತಿದೆ ಎಂಬ ಸಿಗ್ನಲ್ ಬಂದರೆ ಮಾತ್ರ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮತ್ತೆ ಪಂಪ್ ಓಡಿಸುತ್ತದೆ. ಇದು ಒಳ್ಳೆಯ ಕಾವಲು. ಆದರೆ ವಿಮಾನದಲ್ಲಿ ಅದೇ ಕಾವಲು ಅಪಾಯ ತರಬಹುದು. ಹಾರುತ್ತಿರುವಾಗ ಒಂದು ರಿಲೇ ಅಥವಾ ಒಂದು ಸಿಗ್ನಲ್ ಕೈಕೊಟ್ಟು ಪಂಪ್ ನಿಂತರೆ ಮುಗಿಯಿತು. ಹಾಗಾಗಿ ವಿಮಾನ ಕಟ್ಟುವವರಲ್ಲಿ ಹೆಚ್ಚಿನವರು ಪಂಪನ್ನು ನೇರ ಸ್ವಿಚ್‌ಗೆ ಕೊಡುತ್ತಾರೆ. ಸ್ವಿಚ್ ಆನ್ ಇರುವಷ್ಟು ಹೊತ್ತು ಪಂಪ್ ಓಡುತ್ತಲೇ ಇರುತ್ತದೆ, ಇಂಜಿನ್ ತಿರುಗಲಿ ಬಿಡಲಿ. ಇಂಜೆಕ್ಟರ್‌ಗಳಿಗೆಲ್ಲ ಪೆಟ್ರೋಲ್ ಹಂಚುವ ಕೊಳವೆ, ಅಂದರೆ ರೇಲ್‌ನಲ್ಲಿ ಸುಮಾರು 3 ಬಾರ್ ಒತ್ತಡ. ಅಲ್ಲಿ ಒಂದು ಇಂಜೆಕ್ಟರ್ ಸರಿಯಾಗಿ ಮುಚ್ಚದಿದ್ದರೆ, ನೀವು ಚೆಕ್‌ಲಿಸ್ಟ್ ಓದುತ್ತಾ ಕುಳಿತಷ್ಟು ಹೊತ್ತೂ ಪೆಟ್ರೋಲ್ ಇನ್‌ಟೇಕ್ ಪೋರ್ಟಿಗೆ (ಸಿಲಿಂಡರಿಗೆ ಗಾಳಿ ಹೋಗುವ ದಾರಿಗೆ) ಇಳಿಯುತ್ತದೆ.

ಇನ್ನೊಂದು ವಿಷಯ ರೆಕ್ಕೆ ಮೇಲಿರುವ ವಿಮಾನಕ್ಕೆ ಮಾತ್ರ ಸಂಬಂಧಿಸಿದ್ದು. ಪಂಪಿನೊಳಗೆ ಒಂದು ಚೆಕ್ ವಾಲ್ವ್ ಇರುತ್ತದೆ. ಅದು ಹಿಂದಕ್ಕೆ ಹರಿಯುವುದನ್ನು ತಡೆಯುತ್ತದೆ, ಮುಂದಕ್ಕೆ ಹರಿಯುವುದನ್ನು ತಡೆಯುವುದಿಲ್ಲ. ಟ್ಯಾಂಕ್ ಇಂಜಿನ್ನಿಗಿಂತ ಎತ್ತರದಲ್ಲಿದ್ದರೆ ಪಂಪ್ ನಿಂತ ಮೇಲೂ ಪೆಟ್ರೋಲ್ ತನ್ನ ಭಾರಕ್ಕೆ ಇಳಿದುಬರಬಹುದು. ಲೀಕ್ ಆಗುವ ಇಂಜೆಕ್ಟರ್‌ಗೆ ರಾತ್ರಿಯಿಡೀ ಪೂರೈಕೆ. ನನ್ನ ಟೆಸ್ಟ್ ಸ್ಟ್ಯಾಂಡಿನ ಟ್ಯಾಂಕನ್ನು ರೆಕ್ಕೆಯ ಎತ್ತರದಲ್ಲೇ ಕಟ್ಟಿದ್ದರಿಂದ ಇದು ನೆಲದಲ್ಲೇ ಗೊತ್ತಾಯಿತು.

ಪೆಟ್ರೋಲ್ ಎಲ್ಲಿಗೆ ಹೋಗುತ್ತದೆ? ಆ ಸಿಲಿಂಡರಿನ ಇನ್‌ಟೇಕ್ ವಾಲ್ವ್ ತೆರೆದ ಸ್ಥಿತಿಯಲ್ಲಿ ಇಂಜಿನ್ ನಿಂತಿದ್ದರೆ ನೇರ ಒಳಗೆ. ಅಲ್ಲಿ ಅದು ಸಿಲಿಂಡರ್ ಗೋಡೆಯ ಆಯಿಲ್ ತೊಳೆದು, ಪಿಸ್ಟನ್ ರಿಂಗ್ ದಾಟಿ ಕೆಳಗಿನ ಆಯಿಲ್ ತೊಟ್ಟಿಗೆ (ಸಂಪ್) ಸೇರುತ್ತದೆ, ಆಯಿಲ್ ತೆಳುವಾಗುತ್ತದೆ. ಬೇಗ ಬೇಗ ತುಂಬಿಕೊಂಡರೆ ಇನ್ನೂ ಕಷ್ಟ. ನನ್ನ ಇಂಜಿನ್ನಿನ ಒಂದು ಸಿಲಿಂಡರ್ ಸುಮಾರು 324 ಸಿಸಿ. ಕಂಪ್ರೆಶನ್ ಅನುಪಾತ 9ರ ಆಸುಪಾಸು ಎಂದು ಹಿಡಿದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 40 ಮಿಲಿಲೀಟರ್. ಗಾಳಿಯನ್ನು ಒತ್ತಬಹುದು, ದ್ರವವನ್ನು ಒತ್ತಲು ಆಗುವುದಿಲ್ಲ. 40 ಮಿಲಿಲೀಟರ್ ಪೆಟ್ರೋಲ್ ಒಳಗೆ ನಿಂತಿದ್ದರೆ ಸ್ಟಾರ್ಟರ್ ಹೊಡೆದಾಗ ಪಿಸ್ಟನ್ ಆ ಪೆಟ್ರೋಲಿಗೆ ಹೋಗಿ ಗುದ್ದುತ್ತದೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನನಗೆ ಹೆದರಿಕೆ ಹುಟ್ಟಿಸುವುದು ಅದರ ಮುಂದಿನ ಭಾಗ. ಸ್ವಲ್ಪವೇ ಬಾಗಿದ ರಾಡ್ ಆ ಹೊತ್ತಿಗೆ ಮುರಿಯದೆ ಇರಬಹುದು. ಇಂಜಿನ್ ಸ್ಟಾರ್ಟ್ ಆಗಿ, ನೆಲದಲ್ಲಿ ಓಡಿ, ಎಲ್ಲ ಸರಿ ಇದೆ ಎಂದು ತೋರಿಸಿ, ಆಮೇಲೆ ಮೇಲೆ ಹೋದಾಗ ಮುರಿಯಬಹುದು.

ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಕೊಳವೆಯಲ್ಲಿ) ನಿಂತ ಪೆಟ್ರೋಲಿಗೆ ಬ್ಯಾಕ್‌ಫೈರ್, ಅಂದರೆ ಸಿಲಿಂಡರಿನಿಂದ ಹಿಂದಕ್ಕೆ ಚಿಮ್ಮುವ ಉರಿ, ತಗುಲಿದರೆ ಬೆಂಕಿ. ಅದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ ಅಲ್ವಾ.

ಮೊದಲು ಇಂಜೆಕ್ಟರ್‌ಗಳನ್ನು ಬೇರೊಂದು ಕಡೆ ತೋರಿಸಿದ್ದೆ. ಎಲ್ಲಿ ಎಂದು ಬರೆಯುವುದಿಲ್ಲ, ಇಂಥ ಕಡೆಗಳು ಎಲ್ಲ ಊರಲ್ಲೂ ಇವೆ. ಹೊಳೆಯುವ ಮೆಷಿನ್, ನೀಲಿ ಲೈಟ್, ಗಾಜಿನ ಕೊಳವೆಯೊಳಗೆ ಚೆಂದದ ಸ್ಪ್ರೇ. ಮೊದಲು ಹೀಗಿತ್ತು, ಈಗ ಹೀಗಿದೆ ಎಂದು ಮೊಬೈಲಲ್ಲಿ ವಿಡಿಯೋ ಮಾಡಿ ಕೊಟ್ಟರು. ಲೀಕ್ ಟೆಸ್ಟ್ ಆಯಿತಾ ಎಂದು ಕೇಳಿದ್ದಕ್ಕೆ "ಸ್ಪ್ರೇ ಸರಿ ಇದ್ದರೆ ಲೀಕ್ ಇರಲ್ಲ ಸರ್" ಎಂದರು. ಹಾಗಲ್ಲ. ನಲ್ಲಿಯನ್ನು ಜೋರಾಗಿ ಬಿಟ್ಟು ನೀರು ಚೆನ್ನಾಗಿ ಬರುತ್ತದೆ ಎಂದು ನೋಡಿ ಅದರ ವಾಷರ್ ಸರಿ ಇದೆ ಎನ್ನಲಾಗುತ್ತದೆಯೇ? ಮನೆಗೆ ತಂದು ಹಾಕಿದೆ. ಮೂರನೇ ಪ್ಲಗ್ ಮತ್ತೆ ಒದ್ದೆ.

ಬೈಕಂಪಾಡಿಯಲ್ಲಿ ಕೆಲಸ ಶುರುವಾದ ರೀತಿಯೇ ಬೇರೆ. ಮಾಲೀಕರು ಇಂಜೆಕ್ಟರ್‌ಗಳನ್ನು ತೊಳೆಯಲಿಲ್ಲ. ತಂದದ್ದನ್ನು ತಂದ ಹಾಗೆಯೇ ಬೆಂಚಿಗೆ ಹಾಕಿದರು. "ತೊಳೆದ ಮೇಲೆ ನೋಡಿದರೆ ರೋಗ ಏನಿತ್ತು ಎಂದೇ ಗೊತ್ತಾಗುವುದಿಲ್ಲ ಮಾರಾಯ್ರೆ" ಎಂದರು. ಮೊದಲು ಮಲ್ಟಿಮೀಟರ್ ಹಿಡಿದು ಕಾಯಿಲ್ ರೆಸಿಸ್ಟೆನ್ಸ್ ನೋಡಿದರು. ನಾಲ್ಕೂ 13 ಓಮ್ ಹತ್ತಿರ, ಸರಿ ಇದೆ. ಆಮೇಲೆ ರೇಲ್‌ಗೆ ಸಿಕ್ಕಿಸಿ ಕ್ಯಾಲಿಬ್ರೇಶನ್ ದ್ರವದ ಒತ್ತಡ 3 ಬಾರ್‌ಗೆ ಏರಿಸಿದರು. ಇಂಜೆಕ್ಟರ್‌ಗೆ ಕರೆಂಟ್ ಕೊಡಲಿಲ್ಲ. ನಾಲ್ಕೂ ಮೂತಿಗಳನ್ನು ಟಿಶ್ಯೂನಿಂದ ಒರೆಸಿದರು. ಟ್ಯೂಬ್ ಲೈಟ್ ಎಳೆದು ಹತ್ತಿರ ತಂದರು. ಗೋಡೆ ಗಡಿಯಾರ ನೋಡಿ "ಈಗ ಮಾತಾಡೋಣ" ಎಂದು ಸ್ಟೂಲ್ ಮೇಲೆ ಕುಳಿತರು.

ಆ ಹೊತ್ತಿನಲ್ಲಿ ಕಂಡದ್ದನ್ನು ಬರೆಯಲೇಬೇಕು. ಎರಡು ಮತ್ತು ನಾಲ್ಕನೆಯ ಇಂಜೆಕ್ಟರಿನ ಮೂತಿ ಒಣಗಿಯೇ ಇತ್ತು. ಒಂದನೆಯದರ ಮೂತಿ ಕೆಲವು ನಿಮಿಷ ಕಳೆದ ಮೇಲೆ ಮಂಕಾಯಿತು, ಬೆವರಿದ ಹಾಗೆ. ಹನಿ ಕಟ್ಟಲಿಲ್ಲ. ಮೂರನೆಯದರಲ್ಲಿ ಶುರುವಿನಲ್ಲೇ ರಂಧ್ರದ ಒಂದು ಬದಿಗೆ ಸಾಸಿವೆಗಿಂತ ಚಿಕ್ಕ ಹೊಳಪು ಕಾಣಿಸಿತು. ಅದು ದುಂಡಗಾಯಿತು, ಉಬ್ಬಿತು, ಅಂಚಿಗೆ ಜಾರಿತು, ಬಿತ್ತು. ಅದು ಬೀಳುವ ಮೊದಲೇ ಇನ್ನೊಂದು ಕಟ್ಟುತ್ತಿತ್ತು. ಅದೇ ಬದಿಯಲ್ಲಿ, ಪ್ರತಿ ಸಲವೂ. ಮಾಲೀಕರು ಬೆರಳು ತೋರಿಸಿ ಹೇಳಿದರು: "ಒಂದೇ ಕಡೆಯಿಂದ ಬರುತ್ತಿದೆ ನೋಡಿ. ಕೊಳೆ ಇದ್ದರೆ ತೊಳೆದಾಗ ಹೋಗುತ್ತದೆ. ಸೀಟಿಗೇ ಗಾಯ ಆಗಿದ್ದರೆ ಹೋಗುವುದಿಲ್ಲ. ಇದು ಗಾಯ ಇರಬೇಕು." ಸೀಟು ಎಂದರೆ ಇಂಜೆಕ್ಟರಿನೊಳಗೆ ಸೂಜಿ ಬಂದು ಕೂತು ದಾರಿ ಮುಚ್ಚುವ ಜಾಗ.

ಹಳೆಯ ಕಾರುಗಳ ಸರ್ವಿಸ್ ಪುಸ್ತಕದಲ್ಲಿ ನಿಮಿಷಕ್ಕೆ ಒಂದು ಹನಿಗಿಂತ ಕಡಿಮೆ ಇರಬೇಕು ಎಂದು ಬರೆದಿರುತ್ತಾರೆ. ಸಾಮಾನ್ಯವಾಗಿ ಒಂದು ನಿಮಿಷ ನೋಡಿ ಪಾಸ್ ಮಾಡುತ್ತಾರೆ. ಇವರು ಹತ್ತು ನಿಮಿಷ ಬಿಡುತ್ತಾರೆ. ಬೋಟಿನವರ ಕೆಲಸದಿಂದ ಬಂದ ಅಭ್ಯಾಸವಂತೆ. ಕಡಲ ಮಧ್ಯೆ ಇಂಜಿನ್ ನಿಂತರೆ ಏನಾಗುತ್ತದೆ ಎಂದು ಗೊತ್ತಿರುವವರು ಗಿರಾಕಿಗಳಾದರೆ ಕೆಲಸಗಾರನ ಕಣ್ಣು ಚುರುಕಾಗುತ್ತದೆ. ವಿಮಾನ ಕಟ್ಟುವವನಿಗೆ ಇದಕ್ಕಿಂತ ಒಳ್ಳೆಯ ಅಂಗಡಿ ಬೇಕಾ?

ಅಲ್ಲೇ ಕುಳಿತು ಒಂದು ಲೆಕ್ಕ ಹಾಕಿದೆವು. ಪೆಟ್ರೋಲಿನ ಹನಿ ನೀರಿನ ಹನಿಗಿಂತ ಚಿಕ್ಕದು. 50 ಹನಿಗೆ ಒಂದು ಮಿಲಿಲೀಟರ್ ಎಂದು ಇಟ್ಟುಕೊಂಡರೂ, ಸೆಕೆಂಡಿಗೆ ಒಂದು ಹನಿ ಬಿದ್ದರೆ ನಿಮಿಷಕ್ಕೆ ಒಂದು ಮಿಲಿಲೀಟರಿಗಿಂತ ಜಾಸ್ತಿ. ಅರ್ಧ ಗಂಟೆಯೊಳಗೆ ಆ 40 ಮಿಲಿಲೀಟರ್ ಹತ್ತಿರ ಬರುತ್ತದೆ. ಸ್ವಲ್ಪ ರಿಂಗ್ ದಾಟಿ ಇಳಿದುಹೋಗುತ್ತದೆ ನಿಜ, ಆದರೆ ಅದನ್ನು ನಂಬಿಕೊಂಡು ಕೂರಲಾಗುವುದಿಲ್ಲ. ಇಂಜೆಕ್ಟರ್ ಪೂರ್ತಿ ತೆರೆದು ಸಿಕ್ಕಿಹಾಕಿಕೊಂಡರೆ? ನನ್ನ ಇಂಜೆಕ್ಟರ್ ಬೆಂಚಿನಲ್ಲಿ 15 ಸೆಕೆಂಡಿಗೆ ಸುಮಾರು 50 ಮಿಲಿಲೀಟರ್ ಬಿಟ್ಟಿತು. ಅಂದರೆ 12 ಸೆಕೆಂಡಿನಲ್ಲಿ ಸಿಲಿಂಡರ್ ಲಾಕ್ ಆಗುವಷ್ಟು.

ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಹಾಕಿ ತೊಳೆಯುವಾಗ ಇಂಜೆಕ್ಟರ್‌ಗೆ ಕರೆಂಟ್ ಕೊಟ್ಟು ಟಕಟಕ ತೆರೆದು ಮುಚ್ಚುವಂತೆ ಮಾಡುತ್ತಾರೆ. ಹಾಗೆ ಮಾಡದಿದ್ದರೆ ಒಳಗಿನ ಸೂಜಿ ಮತ್ತು ಸೀಟಿನ ನಡುವಿನ ಕೊಳೆ ಅಲ್ಲೇ ಉಳಿಯುತ್ತದೆ. ಆಮೇಲೆ ಹಿಮ್ಮುಖವಾಗಿ ದ್ರವ ಹಾಯಿಸುತ್ತಾರೆ. ತಲೆಯೊಳಗಿನ ಚಿಕ್ಕ ಬುಟ್ಟಿಯಂಥ ಫಿಲ್ಟರ್ ತೆಗೆದು ಹೊಸದು ಹಾಕುತ್ತಾರೆ. ನನ್ನ ಮೂರನೆಯ ಇಂಜೆಕ್ಟರಿನ ಫಿಲ್ಟರನ್ನು ಬಿಳಿ ಕಾಗದದ ಮೇಲೆ ತಟ್ಟಿ ತೋರಿಸಿದರು. ಕಂದು ಬಣ್ಣದ ನಯವಾದ ಹುಡಿ ಬಿತ್ತು. ತುಕ್ಕು.

ತುಕ್ಕು ಎಲ್ಲಿಂದ ಬಂತು ಎಂಬುದನ್ನು ನಮ್ಮ ಊರಿನವರಿಗೆ ವಿವರಿಸಬೇಕಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಒಣಗುವುದಿಲ್ಲ. ಈಗ ಬಂಕಿನಲ್ಲಿ ಸಿಗುವುದು ಇ20 ಪೆಟ್ರೋಲ್, ಅದರಲ್ಲಿ ಶೇ. 20 ಎಥನಾಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಅರ್ಧ ತುಂಬಿದ ಟ್ಯಾಂಕು ಉಸಿರಾಡುತ್ತಾ ಮಳೆಗಾಲ ಪೂರ್ತಿ ನಿಂತರೆ ಆ ತೇವ ಇಂಧನಕ್ಕೆ ಸೇರಿ, ಇಂಜೆಕ್ಟರಿನ ಉಕ್ಕಿನ ಸೀಟಿಗೆ ಹೋಗಿ ಕೂರುತ್ತದೆ. ದಿನವೂ ಓಡುವ ಕಾರಿಗೆ ಇದು ಅಷ್ಟು ತಾಗುವುದಿಲ್ಲ. ನಿಂತೇ ಇರುವ ವಿಮಾನದ ಇಂಜಿನ್ನಿಗೆ ತಾಗುತ್ತದೆ. ಹಗುರ ವಿಮಾನಗಳಲ್ಲಿ ತುಂಬಾ ಬಳಕೆಯಲ್ಲಿರುವ ರೋಟಾಕ್ಸ್ 912 ಇಂಜಿನ್ನಿಗೂ ಕಂಪನಿ ಒಪ್ಪುವುದು ಶೇ. 10ರವರೆಗಿನ ಎಥನಾಲ್. ಇದನ್ನು ನಮ್ಮಲ್ಲಿ ವಿಮಾನ ಕಟ್ಟುವ ಪ್ರತಿಯೊಬ್ಬರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ತೊಳೆದ ಮೇಲೆ ಮತ್ತೆ ಅದೇ ಹತ್ತು ನಿಮಿಷದ ಟೆಸ್ಟ್. ಒಂದನೆಯದು ಸಂಪೂರ್ಣ ಸರಿಹೋಯಿತು, ಟಿಶ್ಯೂ ಹಚ್ಚಿದರೂ ತೇವವಿಲ್ಲ. ಮೂರನೆಯದರಲ್ಲಿ ಹನಿ ನಿಧಾನವಾಯಿತು, ನಿಲ್ಲಲಿಲ್ಲ. ನಿಮಿಷಕ್ಕೆ ಒಂದೂ ಬೀಳುವುದಿಲ್ಲ ಎಂಬ ಮಟ್ಟಕ್ಕೆ ಬಂದಿತ್ತು. ಅಂದರೆ ಪುಸ್ತಕದ ಪ್ರಕಾರ ಅದು ಪಾಸ್. ಮಾಲೀಕರು ಅದನ್ನು ಬಿಚ್ಚಿ ಬೇರೆ ಇಟ್ಟರು. "ಕಾರಿಗಾದರೆ ಹಾಕಿ ಕೊಡುತ್ತಿದ್ದೆ. ನಿಮಗೆ ಕೊಡುವುದಿಲ್ಲ. ಇದಕ್ಕೆ ದುಡ್ಡೂ ಬೇಡ" ಎಂದರು. ನಾನು ಈ ಅಂಗಡಿಗೆ ಪೂರ್ತಿ ಮಾರ್ಕು ಕೊಡುವುದು ಈ ಒಂದು ತೀರ್ಮಾನಕ್ಕೆ.

ಅದರ ಬದಲಿಗೆ ಹೊಸ ಇಂಜೆಕ್ಟರ್ ಒಂದನ್ನು ಬೇರೆ ಕಡೆಯಿಂದ ತರಿಸಿದೆ. ಡಬ್ಬಿ ಒಡೆದು ಹಾಕಿಬಿಡಬಹುದಿತ್ತು. ಅವರು ಬಿಡಲಿಲ್ಲ, ಅದನ್ನೂ ಬೆಂಚಿಗೆ ಹಾಕಿಸಿದರು. ಹೊಸದರ ಮೂತಿಯಲ್ಲೂ ನಿಧಾನಕ್ಕೆ ಒಂದು ಹನಿ ಕಟ್ಟಿತು! ಹಿಮ್ಮುಖವಾಗಿ ಒಮ್ಮೆ ತೊಳೆದ ಮೇಲೆ ನಿಂತಿತು. ಎಲ್ಲೋ ಒಂದು ಕಣ ಸಿಕ್ಕಿಹಾಕಿಕೊಂಡಿದ್ದಿರಬೇಕು. ಹೊಸದು ಎಂಬ ಕಾರಣಕ್ಕೆ ಟೆಸ್ಟ್ ತಪ್ಪಿಸಬೇಡಿ.

ನಾಲ್ಕರ ಹರಿವನ್ನೂ ಅಳೆದು ಕಾಗದದಲ್ಲಿ ಬರೆದುಕೊಟ್ಟರು. 15 ಸೆಕೆಂಡಿಗೆ 49ರಿಂದ 50 ಮಿಲಿಲೀಟರ್ ಒಳಗೆ ನಾಲ್ಕೂ ಬಂದಿವೆ. ನನಗೆ ಅದು ಸಾಕು.

ಕುಂದುಗಳೂ ಇವೆ, ಅವನ್ನೂ ಹೇಳಬೇಕು. ಬಿಸಿ ಟೆಸ್ಟ್ ಅವರಲ್ಲಿ ಇಲ್ಲ. ಇಂಜಿನ್ ನಿಂತ ಮೇಲೆ ಅದರ ಶಾಖ ರೇಲ್‌ಗೆ ಏರುತ್ತದೆ, ವಿಮಾನದ ಕೌಲ್ (ಇಂಜಿನ್ ಮುಚ್ಚುವ ಹೊದಿಕೆ) ಒಳಗೆ ಗಾಳಿಯೂ ಆಡುವುದಿಲ್ಲ. ತಣ್ಣಗಿದ್ದಾಗ ಸರಿಯಾಗಿ ಮುಚ್ಚುವ ಇಂಜೆಕ್ಟರ್ ಬಿಸಿಯಾದಾಗಲೂ ಮುಚ್ಚುತ್ತದೆ ಎಂದು ಖಾತ್ರಿಯಿಲ್ಲ. ಅದನ್ನು ಮನೆಯಲ್ಲೇ ನೋಡಬೇಕು. ಎರಡನೆಯದಾಗಿ, ಓ-ರಿಂಗ್ (ಇಂಜೆಕ್ಟರ್ ಕೂರುವಲ್ಲಿ ಸೋರದಂತೆ ತಡೆಯುವ ರಬ್ಬರ್ ಬಳೆ) ವಿಷಯದಲ್ಲಿ ನೀವು ಬಾಯಿಬಿಟ್ಟು ಕೇಳಬೇಕು. ಸುಮ್ನೆ ಬಿಟ್ಟರೆ ಸಾಮಾನ್ಯ ಕಪ್ಪು ರಬ್ಬರಿನದ್ದು ಹಾಕುತ್ತಾರೆ. ಎಥನಾಲ್ ಪೆಟ್ರೋಲಿಗೆ ಅದನ್ನು ತಾಳಿಕೊಳ್ಳುವ ವೈಟಾನ್ ಎಂಬ ರಬ್ಬರಿನ ರಿಂಗ್ ಬೇಕು. ಇಟ್ಟುಕೊಂಡಿದ್ದಾರೆ, ಕೇಳಿದರೆ ಅದನ್ನೇ ಹಾಕುತ್ತಾರೆ. ಮೇಲಿನ ರಿಂಗ್ ಸೋರಿದರೆ ಪೆಟ್ರೋಲ್ ಬಿಸಿ ಇಂಜಿನ್ನಿನ ಮೇಲೆ ಬೀಳುತ್ತದೆ, ಆದ್ದರಿಂದ ಇದು ಸಣ್ಣ ವಿಷಯವಲ್ಲ. ಮೂರನೆಯದು, ಕುಳಿತುಕೊಳ್ಳಲು ಜಾಗವಿಲ್ಲ, ಡೀಸೆಲ್ ವಾಸನೆ ಬಟ್ಟೆಗೆ ಹಿಡಿಯುತ್ತದೆ, ಫೋನ್ ಎತ್ತುವುದು ಅಪರೂಪ.

ಇಂಜೆಕ್ಟರ್ ಸರಿಯಾದರೆ ಎಲ್ಲ ಸರಿಯಾಯಿತು ಎಂದು ಅಂಗಡಿಯವರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಇವತ್ತು ಮುಚ್ಚುವುದು ನಾಳೆ ಒಂದು ಕಸ ಸಿಕ್ಕಿ ಮುಚ್ಚದಿರಬಹುದು. ಹಾಗಾಗಿ ನನ್ನ ಸ್ಟ್ಯಾಂಡಿನಲ್ಲಿ ಕೆಲವು ಬದಲಾವಣೆ ಮಾಡಿದ್ದೇನೆ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ರೂಪಾಯಿ ಖರ್ಚಿಲ್ಲದ್ದು. ಇಂಜಿನ್ ನಿಲ್ಲಿಸುವಾಗ ಇಗ್ನಿಶನ್ ಆಫ್ ಮಾಡುವುದಿಲ್ಲ. ಮೊದಲು ಪಂಪ್ ಆಫ್ ಮಾಡುತ್ತೇನೆ. ರೇಲ್‌ನಲ್ಲಿದ್ದ ಒತ್ತಡವನ್ನು ಇಂಜಿನ್ನೇ ಕುಡಿದು ಮುಗಿಸಿ ತಾನಾಗಿ ನಿಲ್ಲುತ್ತದೆ. ಆಮೇಲೆ ಉಳಿದ ಸ್ವಿಚ್‌ಗಳು, ಕೊನೆಗೆ ಟ್ಯಾಂಕಿನ ಕೈವಾಲ್ವ್ ಬಂದ್. ರೇಲ್‌ನಲ್ಲಿ ಒತ್ತಡವೇ ಇಲ್ಲದಿದ್ದರೆ ಸೋರುವುದಕ್ಕೆ ಏನೂ ಉಳಿಯುವುದಿಲ್ಲ. ಬಿಸಿ ಇದ್ದಾಗ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ಜಾಸ್ತಿ ತಿರುಗಿಸಬೇಕಾಗುತ್ತದೆ, ಅಷ್ಟೆ. ಸ್ಟಾರ್ಟ್ ಮಾಡುವಾಗಲೂ ಪಂಪ್ ಸ್ವಿಚ್ ಕೊನೆಯದು. ಬೇರೆ ಎಲ್ಲ ನೋಡಿ ಮುಗಿಸಿ, ಪ್ರೊಪೆಲರ್ ಸುತ್ತ ಯಾರೂ ಇಲ್ಲ ಎಂದು ಖಚಿತವಾದ ಮೇಲೆ ಪಂಪ್, ತಕ್ಷಣ ಸ್ಟಾರ್ಟರ್.

ಇಂಧನ ತಡೆಯಲು ಸೊಲೆನಾಯ್ಡ್ ವಾಲ್ವ್ ಹಾಕು ಎಂದು ಕೆಲವರು ಸಲಹೆ ಕೊಟ್ಟರು. ಕರೆಂಟ್ ಇದ್ದರೆ ತೆರೆಯುವ, ಇಲ್ಲದಿದ್ದರೆ ಮುಚ್ಚುವ ವಾಲ್ವ್. ನಾನು ಒಪ್ಪಲಿಲ್ಲ. ಹಾರಾಟದಲ್ಲಿ ಅದರ ಕಾಯಿಲ್ ಸುಟ್ಟರೆ ಅಥವಾ ವೈರ್ ಬಿಟ್ಟರೆ ಇಂಜಿನ್ ನಿಲ್ಲುತ್ತದೆ. ಫ್ಲಡ್ (ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿಕೊಳ್ಳುವುದು) ತಡೆಯಲು ಹೋಗಿ ಇನ್ನೊಂದು ಅಪಾಯ ತರುವುದು ಯಾಕೆ? ಕೂತಲ್ಲಿಂದಲೇ ಕೈಗೆ ಸಿಗುವ, ಹಿಡಿಯನ್ನು ಕಾಲುಭಾಗ ತಿರುಗಿಸಿದರೆ ಮುಚ್ಚುವ ಬಾಲ್ ವಾಲ್ವ್ ಸಾಕು.

ವೈರಿಂಗ್ ಬಗ್ಗೆಯೂ ಒಂದು ಮಾತು, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಸ್ವಿಚ್ ಆನ್ ಇರುವಷ್ಟು ಹೊತ್ತೂ ಇಂಜೆಕ್ಟರಿನ ಒಂದು ತುದಿಗೆ 12 ವೋಲ್ಟ್ ಇರುತ್ತದೆ. ಇನ್ನೊಂದು ತುದಿಯನ್ನು ಇಸಿಯು ಅರ್ತ್ ಮಾಡಿದಾಗ ಅದು ತೆರೆಯುತ್ತದೆ. ಆ ಅರ್ತ್ ಕಡೆಯ ವೈರ್ ಎಲ್ಲಾದರೂ ಉಜ್ಜಿ, ಸಿಪ್ಪೆ ಹೋಗಿ, ಇಂಜಿನ್ ಬ್ಲಾಕಿಗೆ ತಾಗಿದರೆ ಇಂಜೆಕ್ಟರ್ ಪೂರ್ತಿ ತೆರೆದುಕೊಳ್ಳುತ್ತದೆ. ಆಗ ಇಂಜೆಕ್ಟರಿನಲ್ಲಿ ದೋಷವಿಲ್ಲ, ಬೆಂಚಿನಲ್ಲಿ ಎಷ್ಟು ಟೆಸ್ಟ್ ಮಾಡಿದರೂ ಪಾಸ್. ಆದರೆ ಸ್ವಿಚ್ ಹಾಕಿದ ಕೂಡಲೇ 12 ಸೆಕೆಂಡಿನ ಆ ಲೆಕ್ಕ ನಿಜವಾಗುತ್ತದೆ. ನಾನು ಪ್ರತಿ ಇಂಜೆಕ್ಟರಿನ ವೈರಿಗೂ ಬೇರೆ ಬೇರೆ ಸ್ಲೀವ್ (ಹೊರಕವಚ) ಹಾಕಿ, ಬ್ಲಾಕಿನಿಂದ ದೂರ ಕಟ್ಟಿದ್ದೇನೆ. ಇಂಜೆಕ್ಟರ್‌ಗಳ 12 ವೋಲ್ಟಿಗೆ ಪ್ರತ್ಯೇಕ ಸ್ವಿಚ್ ಇಟ್ಟಿದ್ದೇನೆ.

ಮ್ಯಾನಿಫೋಲ್ಡಿನ ಅತಿ ತಗ್ಗಿನ ಜಾಗದಲ್ಲಿ ಒಂದು ಸಣ್ಣ ಡ್ರೇನ್ ಕೂಡ ಹಾಕಿದೆ. ಲೈಕಮಿಂಗ್‌ನಂಥ ವಿಮಾನದ ಇಂಜಿನ್‌ಗಳಲ್ಲಿ ಇನ್‌ಟೇಕ್ ಕೆಳಗಿರುತ್ತದೆ, ಜಾಸ್ತಿಯಾದ ಪೆಟ್ರೋಲ್ ತಾನಾಗಿ ಹೊರಹೋಗಲು ಡ್ರೇನ್ ವಾಲ್ವ್ ಇರುತ್ತದೆ. ಕಾರಿನ ಇಂಜಿನ್ನಿಗೆ ಅದು ಬೇಕೆಂದು ಯಾರೂ ಯೋಚಿಸಿರಲಿಲ್ಲ. ಕೊಳವೆಯ ಬಾಯಿ ಎಕ್ಸಾಸ್ಟ್‌ನಿಂದ ಮತ್ತು ಸ್ಟಾರ್ಟರ್‌ನಿಂದ ದೂರ ಇರಲಿ.

ಮನೆಯಲ್ಲಿ ಮಾಡುವ ಟೆಸ್ಟ್ ಸುಲಭ. ರೇಲ್‌ಗೆ ಪ್ರೆಶರ್ ಗೇಜ್ ಇದ್ದರೆ ಇಂಜಿನ್ ಓಡಿಸದೆ ಪಂಪ್ ಹಾಕಿ 3 ಬಾರ್ ತಂದು ಆಫ್ ಮಾಡಿ. ಮುಳ್ಳು ಬೇಗ ಇಳಿದರೆ ಎಲ್ಲೋ ಸೋರುತ್ತಿದೆ. ಪಂಪಿನ ಚೆಕ್ ವಾಲ್ವ್ ಇರಬಹುದು, ರೇಲ್‌ನ ಒತ್ತಡ ಹಿಡಿದಿಡುವ ರೆಗ್ಯುಲೇಟರ್ ಇರಬಹುದು, ಇಂಜೆಕ್ಟರ್ ಇರಬಹುದು. ಸಪ್ಲೈ ಮತ್ತು ರಿಟರ್ನ್ ಹೋಸ್‌ಗಳನ್ನು ಕ್ಲ್ಯಾಂಪಿನಿಂದ ಮುಚ್ಚಿದ ಮೇಲೂ ಇಳಿದರೆ ಹೆಚ್ಚಾಗಿ ಇಂಜೆಕ್ಟರೇ. ಇದನ್ನು ಇಂಜಿನ್ ಓಡಿಸಿ ಬಿಸಿಯಾದ ಮೇಲೆ ಇನ್ನೊಮ್ಮೆ ಮಾಡಿ, ಅಂಗಡಿಯಲ್ಲಿ ಇಲ್ಲದ ಬಿಸಿ ಟೆಸ್ಟ್ ಇದೇ. ಬಯಲಲ್ಲಿ ಮಾಡಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ.

ಫ್ಲಡ್ ಆಗಿದೆ ಎಂಬ ಅನುಮಾನ ಬಂದರೆ ಸ್ಟಾರ್ಟರ್ ಮುಟ್ಟಲೇಬೇಡಿ. ಬೇರೆಯವರು ಥ್ರಾಟಲ್ ಪೂರ್ತಿ ತೆರೆದು ತಿರುಗಿಸಿ ಎನ್ನುತ್ತಾರೆ. ಹಲವು ಇಸಿಯುಗಳಲ್ಲಿ ಥ್ರಾಟಲ್ ಪೂರ್ತಿ ತೆರೆದಿದ್ದರೆ ಸ್ಟಾರ್ಟ್ ಮಾಡುವಾಗ ಇಂಜೆಕ್ಟರ್ ಕೆಲಸ ನಿಲ್ಲುತ್ತದೆ ನಿಜ. ಪ್ಲಗ್ ಸ್ವಲ್ಪ ಒದ್ದೆಯಾಗಿದ್ದರೆ ಅದು ಸರಿ. ಆದರೆ ಸೋರುವ ಇಂಜೆಕ್ಟರಿಗೆ ಇಸಿಯು ಮಾತು ಕೇಳಿಸುವುದಿಲ್ಲ. ಪಂಪ್ ಆಫ್ ಮಾಡಿ, ಇಗ್ನಿಶನ್ ಆಫ್ ಮಾಡಿ, ಬ್ಯಾಟರಿ ಬಿಚ್ಚಿ, ನಾಲ್ಕೂ ಪ್ಲಗ್ ತೆಗೆಯಿರಿ. ಕೈಯಲ್ಲಿ ನಿಧಾನಕ್ಕೆ ತಿರುಗಿಸಿ ಏನು ಹೊರಬರುತ್ತದೆ ನೋಡಿ. ಆಯಿಲ್ ಬದಲಿಸದೆ ಮತ್ತೆ ಓಡಿಸಬೇಡಿ.

ಮಾಲೀಕರಿಗೆ ಇದೆಲ್ಲದರಲ್ಲಿ ಎಷ್ಟು ಆಸಕ್ತಿ ಎಂದರೆ, ಮನೆಯಲ್ಲಿ ವಿಮಾನ ಕಟ್ಟಬಹುದಾ ಎಂದು ಕೇಳುತ್ತಲೇ ಇದ್ದರು. ಮುಂಬಯಿಯ ಪೈಲಟ್ ಅಮೋಲ್ ಯಾದವ್ ಕಾಂದಿವಲಿಯ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದ್ದನ್ನು, 2017ರಲ್ಲಿ ಡಿಜಿಸಿಎ ಅದನ್ನು ನೋಂದಾಯಿಸಿದ್ದನ್ನು ಹೇಳಿದೆ. ಪಕ್ಕದ ಬೋಟಿನ ಮೆಕ್ಯಾನಿಕ್ ಕೂಡ ಕೆಲಸ ಬಿಟ್ಟು ಬಂದು ಕೇಳಿದರು. ತಲೆಯ ಮೇಲೆ ಬಜ್ಪೆಗೆ ಇಳಿಯುವ ವಿಮಾನದ ಸದ್ದು ಕೇಳುತ್ತಾ ಇಂಥ ಮಾತು ಆಡುವುದು ನನಗೆ ತುಂಬಾ ಖುಷಿ ಕೊಟ್ಟಿತು.

ಖರ್ಚು ಹೀಗೆ: ಒಂದು ಇಂಜೆಕ್ಟರಿಗೆ 450 ರೂಪಾಯಿ, ಫಿಲ್ಟರ್ ಮತ್ತು ಓ-ರಿಂಗ್ ಸೇರಿ. ವೈಟಾನ್ ರಿಂಗಿಗೆ ಸ್ವಲ್ಪ ಜಾಸ್ತಿ. ಮೊದಲು ತೋರಿಸಿದ ಕಡೆ ಇದಕ್ಕಿಂತ ಕಡಿಮೆ ತೆಗೆದುಕೊಂಡಿದ್ದರು, ಆದರೆ ಆ ದುಡ್ಡಿಗೆ ಸಿಕ್ಕಿದ್ದು ವಿಡಿಯೋ ಮಾತ್ರ. ಇಂಜೆಕ್ಟರ್ ವಾಪಸ್ ಹಾಕಿದ ಮೇಲೆ ರಾತ್ರಿ ನಿಲ್ಲಿಸಿ ಬೆಳಿಗ್ಗೆ ಪ್ಲಗ್ ಬಿಚ್ಚಿ ನೋಡಿದ್ದೇನೆ, ನಾಲ್ಕೂ ಒಣ. ಬಿಸಿ ಟೆಸ್ಟಿನಲ್ಲೂ ಗೇಜಿನ ಮುಳ್ಳು ನಿಂತಲ್ಲೇ ನಿಂತಿದೆ.

ಹೋಗುವವರು ಸಮಯ ನೋಡಿ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಮಂಗಳೂರು ಎರಡೂ ಕಡೆಯ ಬೋಟುಗಳ ಪಂಪ್‌ಗಳು ಆಗ ರಿಪೇರಿಗೆ ಬರುತ್ತವೆ. ಜುಲೈ ಕೊನೆಯ ವಾರಗಳಲ್ಲಿ ಅವರಿಗೆ ತಲೆಯೆತ್ತಲೂ ಪುರುಸೊತ್ತಿಲ್ಲ, ನಿಮ್ಮ ಹತ್ತು ನಿಮಿಷದ ಟೆಸ್ಟಿಗೆ ಯಾರೂ ಸ್ಟೂಲ್ ಹಾಕಿ ಕೂರುವುದಿಲ್ಲ. ಸೆಪ್ಟೆಂಬರ್ ನಂತರ, ಬೆಳಿಗ್ಗೆ ಹೋಗಿ. ಯಾವುದು ಯಾವ ಸಿಲಿಂಡರಿನದ್ದು ಎಂದು ಇಂಜೆಕ್ಟರ್‌ಗಳ ಮೇಲೆ ಮೊದಲೇ ಗುರುತು ಹಾಕಿಕೊಳ್ಳಿ. ತೊಳೆಯುವ ಮೊದಲು ಲೀಕ್ ನೋಡಿ ಎಂದು ಹೇಳಬೇಕಾಗಿಲ್ಲ, ಅವರೇ ನೋಡುತ್ತಾರೆ. ವೈಟಾನ್ ರಿಂಗ್ ಮಾತ್ರ ನೆನಪಿನಿಂದ ಕೇಳಿ.